ಕ್ರೆಯಾನ್ ಕರಗಿಸೋಣ ಸರಿ, ಯಾವ ಬಿಸಿಯಲ್ಲಿ?

ವಿಷುವಿಗೆ ಮನೆಗೆ ಬಂದವರೆಲ್ಲ ಜಗಲಿಯ ಗೋಡೆ ನೋಡಿ ಒಂದೇ ಪ್ರಶ್ನೆ ಕೇಳಿದರು: “ಇದು ಎಂತದು, ಪೈಂಟಾ?”

ಪೈಂಟ್ ಅಲ್ಲ. ಮಗಳ ಹಳೇ ಕ್ರೆಯಾನುಗಳನ್ನು ಒಂದು ಬೋರ್ಡಿನ ಮೇಲಂಚಿಗೆ ಸಾಲಾಗಿ ಅಂಟಿಸಿ, ಬಿಸಿ ಗಾಳಿ ಬಿಟ್ಟು ಕರಗಿಸಿದ್ದು. ಮಾಡಿನಿಂದ ಮಳೆನೀರು ಇಳಿದ ಹಾಗೆ ಬಣ್ಣ ಇಳಿದಿದೆ, ಅರ್ಧ ದಾರಿಯಲ್ಲಿ ಗಟ್ಟಿಯಾಗಿ ನಿಂತಿದೆ. ಅಷ್ಟೇ.

ಅಷ್ಟೇ ಅಂದರೆ ಯಾರು ಬಿಡುತ್ತಾರೆ? ಉಪ್ಪಳದಿಂದ ಬಂದ ನಾದಿನಿಗೆ ಮೂರೂವರೆ ವರ್ಷದ ಮಗ, ಎರಡನೇ ಮಹಡಿಯ ಫ್ಲಾಟ್. ಮುಳ್ಳೇರಿಯದ ಗೆಳತಿಗೆ 11 ವರ್ಷದ ಮಗಳು. ಭಾವನ ಮನೆಯಲ್ಲಿ 6 ವರ್ಷದ ಅವಳಿಗಳು. ಮೂವರೂ ಮೊಬೈಲಿನಲ್ಲಿ ಬೇರೆ ಬೇರೆ ವಿಡಿಯೋ ನೋಡಿದ್ದಾರೆ. ಒಬ್ಬರಿಗೆ ಹೇರ್ ಡ್ರೈಯರ್, ಒಬ್ಬರಿಗೆ ಇಸ್ತ್ರಿ ಪೆಟ್ಟಿಗೆ, ಇನ್ನೊಬ್ಬರಿಗೆ ಕ್ಯಾಂಡಲ್ ಇಷ್ಟ. “ಯಾವುದು ಒಳ್ಳೇದು, ಒಂದು ಹೇಳಿ ನೋಡುವ” ಅಂದರು. ಒಂದು ಹೇಳಲು ಆಗಲಿಲ್ಲ. ಕಳೆದ ಒಂದು ವರ್ಷದಲ್ಲಿ ಎಲ್ಲವನ್ನೂ ಮಾಡಿ, ಕೆಲವನ್ನು ಹಾಳು ಮಾಡಿ, ಒಮ್ಮೆ ಬೆರಳೂ ಸುಟ್ಟುಕೊಂಡ ಮೇಲೆ ನನಗೆ ಗೊತ್ತಾದದ್ದನ್ನು ಇಲ್ಲಿ ಬರೆಯುತ್ತೇನೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೇ ಪ್ರಶ್ನೆ: ಬಿಸಿ ಯಾರ ಕೈಯಲ್ಲಿ ಇರುತ್ತದೆ? ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. “ಚಂದ ಬರ್ತದಾ” ಅಂತ ಮಾತ್ರ ಕೇಳುತ್ತಾರೆ. ಬಿಸಿ ಪೂರ್ತಿ ನಮ್ಮ ಕೈಯಲ್ಲಿದ್ದರೆ ಮಗುವಿಗೆ ಉಳಿಯುವುದು ನೋಡುವ ಕೆಲಸ ಮಾತ್ರ. ಜಗಲಿಯಲ್ಲಿ ತೂಗುತ್ತಿರುವ ಆ ಬೋರ್ಡು ನಿಜ ಹೇಳಬೇಕೆಂದರೆ ನನ್ನದು. ಮಗಳು ಕ್ರೆಯಾನ್ ಜೋಡಿಸಿದಳು, ಐದು ನಿಮಿಷ ನೋಡಿದಳು, ಆಮೇಲೆ ಬೆಕ್ಕಿನ ಹಿಂದೆ ಹೋದಳು. ಯಾರಾದರೂ “ನೀನು ಮಾಡಿದ್ದಾ?” ಅಂದರೆ “ಅಮ್ಮ ಮಾಡಿದ್ದು” ಅನ್ನುತ್ತಾಳೆ. ಅವಳು ಸುಳ್ಳು ಹೇಳುವುದಿಲ್ಲ.

ಎರಡನೆಯದು, ಇದು ಯಾವ ತಿಂಗಳು? ನಮ್ಮ ಕಾಸರಗೋಡಿನ ಕಡೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಏಪ್ರಿಲಿನಲ್ಲಿ ಅಂಗಳದಲ್ಲೇ ಆಗುವ ಕೆಲಸಕ್ಕೆ ಜುಲೈಯಲ್ಲಿ ಕರೆಂಟು ಬೇಕು, ಜುಲೈಯಲ್ಲಿ ಕರೆಂಟು ಇರುತ್ತದೆ ಅಂತ ಹೇಳುವ ಹಾಗಿಲ್ಲ.

ಜಾಗವೂ ಮುಖ್ಯ. ಅಂಗಳ ಇದ್ದವರಿಗೆ ಚಿಂತೆ ಇಲ್ಲ. ಫ್ಲಾಟಿನಲ್ಲಿ ಇರುವವರು ಗೋಡೆಗೆ, ನೆಲಕ್ಕೆ ಹಾರುವ ಮೇಣದ ಹನಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಖರ್ಚಿನ ಮಾತು ಸಣ್ಣದು. ಮನೆಯಲ್ಲಿ ಇರುವುದರಲ್ಲೇ ಮಾಡಿದರೆ 100 ರೂಪಾಯಿ ಒಳಗೆ ಮುಗಿಯುತ್ತದೆ, ಇದಕ್ಕಾಗಿಯೇ ಡ್ರೈಯರ್ ಕೊಂಡರೆ ಸಾವಿರದ ಹತ್ತಿರ ಹೋಗುತ್ತದೆ. ಕೊನೆಗೆ ಕೈಗೆ ಎಂತ ಸಿಗಬೇಕು ಅನ್ನುವುದೂ ಉಂಟು: ಗೋಡೆಗೆ ಹಾಕುವ ಚಿತ್ರವಾ, ಕೊಡುವ ಕಾರ್ಡಾ, ಮತ್ತೆ ಬರೆಯಲು ಬರುವ ಕ್ರೆಯಾನಾ?

ಎಲ್ಲ ಕ್ರೆಯಾನೂ ಕರಗುವುದಿಲ್ಲ

ಮೊದಲ ಸಲ ನಾನು ಸೋತದ್ದು ಇಲ್ಲಿಯೇ. ಅಂಗಡಿಯಿಂದ ಚಂದದ ಡಬ್ಬಿ ತಂದೆ. ಅರ್ಧ ಗಂಟೆ ಡ್ರೈಯರ್ ಹಿಡಿದೆ. ಕ್ರೆಯಾನ್ ಸ್ವಲ್ಪ ಬಾಗಿತು, ಹನಿ ಮಾತ್ರ ಬೀಳಲಿಲ್ಲ. ಡಬ್ಬಿ ತಿರುಗಿಸಿ ನೋಡಿದರೆ ಪ್ಲಾಸ್ಟಿಕ್ ಕ್ರೆಯಾನ್.

ಅಂಗಡಿಯಲ್ಲಿ ಮೂರು ಜಾತಿ ಸಿಗುತ್ತದೆ. ಮೇಣದ ಕ್ರೆಯಾನ್, ಅಂದರೆ ವ್ಯಾಕ್ಸ್ ಕ್ರೆಯಾನ್, ಪ್ಯಾರಾಫಿನ್ ಮೇಣಕ್ಕೆ ಬಣ್ಣದ ಪುಡಿ ಸೇರಿಸಿ ಅಚ್ಚಿಗೆ ಹೊಯ್ದದ್ದು. ಅಮೆರಿಕದಲ್ಲಿ 1903ರಲ್ಲಿ ಕ್ರಯೋಲಾ ಬ್ರಾಂಡಿನ ಮೊದಲ ಡಬ್ಬಿ ಬಂದಾಗ ಅದರಲ್ಲಿ 8 ಬಣ್ಣ ಇತ್ತು, ಬೆಲೆ 5 ಸೆಂಟ್. ಮೂಲ ಸಾಮಾನು ಇವತ್ತಿಗೂ ಅದೇ ಮೇಣ, ಅದೇ ಬಣ್ಣದ ಪುಡಿ. ಇಂಥ ಕ್ರೆಯಾನ್ ಸುಮಾರು 50ರಿಂದ 65 ಡಿಗ್ರಿಯ ಒಳಗೆ ಕರಗುತ್ತದೆ. ನಮಗೆ ಬೇಕಾದ್ದು ಇದು.

ಪ್ಲಾಸ್ಟಿಕ್ ಕ್ರೆಯಾನ್ ಗಟ್ಟಿ, ಕೈಗೆ ಅಂಟುವುದಿಲ್ಲ, ರಬ್ಬರಿನಲ್ಲಿ ಅಳಿಸಲೂ ಬರುತ್ತದೆ. ಶಾಲೆಗೆ ಒಳ್ಳೆಯದು, ಈ ಕೆಲಸಕ್ಕೆ ಬೇಡ. ಆಯಿಲ್ ಪೇಸ್ಟಲ್ ಕರಗುತ್ತದೆ, ಆದರೆ ಅದರಲ್ಲಿ ಎಣ್ಣೆ ಇರುವುದರಿಂದ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮರುದಿನ ಮುಟ್ಟಿದರೂ ಬೆರಳಿಗೆ ಬಣ್ಣ ಹತ್ತುತ್ತದೆ.

ಎರಡನೇ ಸಲ ಅಂಗಡಿಯವರಿಗೆ ವ್ಯಾಕ್ಸ್ ಅಂತ ಹೇಳಿ ಅರ್ಥವಾಗದೆ, ಮಲಯಾಳ ಸೇರಿಸಿ “ಮೆಳುಗುತಿರಿಯ ಮೆಳುಗು ಇಲ್ವಾ, ಅದರದ್ದು” ಅಂದೆ, ಕ್ಯಾಂಡಲಿನ ಮೇಣ ಅಂತ. ಅವರು ನಕ್ಕು, ಒಳಗಿನ ಕಪಾಟಿನಿಂದ ಧೂಳು ಹಿಡಿದ ಡಬ್ಬಿ ತೆಗೆದು ಕೊಟ್ಟರು. ಇದ್ದದ್ದರಲ್ಲಿ ಅಗ್ಗದ್ದು ಅದುವೇ. ಮನೆಯಲ್ಲಿ ತಂದು ಅತ್ತೆಗೆ “ಮೇಣದ ಕ್ರೆಯಾನ್” ಅಂದರೆ ಅವರ ತಲೆಗೆ ಬಂದದ್ದು ಹಲಸಿನ ಮೇಣ. “ಹಾಗಾದರೆ ಕೈಗೆ ಮೊದಲೇ ತೆಂಗಿನೆಣ್ಣೆ ಹಚ್ಚಿಕೊಳ್ಳಿ” ಅಂದರು. ತಮಾಷೆ ಅಂದುಕೊಂಡೆ, ಆದರೆ ಕೆಲಸ ಆಗುತ್ತದೆ. ಕೈಗೆ ಹತ್ತಿದ ಕ್ರೆಯಾನ್ ಸಾಬೂನಿಗೆ ಹೋಗದಿದ್ದರೂ ಎರಡು ಹನಿ ಎಣ್ಣೆಗೆ ಹೋಗುತ್ತದೆ.

ಹೇರ್ ಡ್ರೈಯರ್

ಎಲ್ಲರ ತಲೆಯಲ್ಲಿ ಇರುವುದು ಇದೇ. ನೋಡಲು ಎಲ್ಲಕ್ಕಿಂತ ಚಂದ, ಗಲೀಜೂ ಎಲ್ಲಕ್ಕಿಂತ ಜಾಸ್ತಿ.

ಗಟ್ಟಿ ಕ್ಯಾನ್ವಾಸ್ ಬೋರ್ಡು ಬೇಕು. ತೆಳು ಡ್ರಾಯಿಂಗ್ ಶೀಟಿನಲ್ಲಿ ಮಾಡಿದರೆ ಕಾಗದ ಬಾಗಿದಾಗ ಮೇಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕ್ರೆಯಾನುಗಳನ್ನು ಮೇಲಂಚಿಗೆ ಫೆವಿಕಾಲಿನಲ್ಲಿ ಅಂಟಿಸಿ, ತುದಿ ಕೆಳಗೆ ಇರಲಿ. ಅಂಟು ರಾತ್ರಿ ಇಡೀ ಒಣಗಲಿ. ಅರ್ಧ ಒಣಗಿದ್ದಕ್ಕೆ ಬಿಸಿ ತಾಗಿದರೆ ಕ್ರೆಯಾನ್ ಸಮೇತ ಜಾರುತ್ತದೆ. ಆಮೇಲೆ ಬೋರ್ಡನ್ನು ಗೋಡೆಗೆ ಓರೆಯಾಗಿ ನಿಲ್ಲಿಸಿ. ನೆಟ್ಟಗೆ ಇದ್ದಷ್ಟೂ ಗೆರೆ ಸಪೂರ, ಉದ್ದ. ಮಲಗಿದಷ್ಟೂ ಬಣ್ಣ ಹರಡುತ್ತದೆ.

ಡ್ರೈಯರನ್ನು ಬಿಸಿ ಜಾಸ್ತಿ, ಗಾಳಿ ಕಡಿಮೆಯಲ್ಲಿ ಇಡಿ. ಗಾಳಿ ಜಾಸ್ತಿ ಮಾಡಿದರೆ ಹನಿ ಕೆಳಗೆ ಇಳಿಯುವ ಬದಲು ಅಡ್ಡ ಹಾರುತ್ತದೆ. ಮೊದಲ ಎರಡು ಮೂರು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಕ್ರೆಯಾನಿನ ಮೈ ಬೆವರಿದ ಹಾಗೆ ಹೊಳೆಯುತ್ತದೆ. ತುದಿಯಲ್ಲಿ ಒಂದು ಹನಿ ದಪ್ಪ ಆಗುತ್ತದೆ, ಬೀಳುವುದಿಲ್ಲ, ಇನ್ನೂ ದಪ್ಪ ಆಗುತ್ತದೆ. ಒಮ್ಮೆಲೇ ಜಾರಿ ಅರ್ಧ ಬೋರ್ಡಿನವರೆಗೆ ಓಡುತ್ತದೆ. ಹಿಂದೆಯೇ ಪಕ್ಕದ್ದು. ಇಲ್ಲಿ ಮಗು ಕಿರುಚುತ್ತದೆ, ನಾವೂ ಕಿರುಚುತ್ತೇವೆ.

12 ಕ್ರೆಯಾನಿಗೆ ನನಗೆ ಇಪ್ಪತ್ತು ನಿಮಿಷ ಹಿಡಿಯಿತು. 1200 ವ್ಯಾಟಿನ ಡ್ರೈಯರಿಗೆ ಅದು 0.4 ಯೂನಿಟ್. ಕರೆಂಟಿನ ಖರ್ಚು ಏನೂ ಅಲ್ಲ. ತಲೆನೋವು ಬೇರೆ. ಸುಮ್ನೆ ಅಷ್ಟು ಹೊತ್ತು ಬಿಡದೆ ಓಡಿಸಿದರೆ ಡ್ರೈಯರ್ ಬಿಸಿಯಾಗಿ ತಾನೇ ನಿಲ್ಲುತ್ತದೆ. ಹಾಳಾಯಿತು ಅಂತ ಗಾಬರಿ ಬೇಡ, ಒಳಗಿನ ಸುರಕ್ಷೆಯ ಸ್ವಿಚ್ ಅದು. ತಣಿಯಲು ಬಿಟ್ಟರೆ ಮತ್ತೆ ಓಡುತ್ತದೆ. ಐದು ನಿಮಿಷಕ್ಕೊಮ್ಮೆ ನೀವೇ ನಿಲ್ಲಿಸುವುದು ಒಳ್ಳೆಯದು.

ಬಣ್ಣದ ವಿಷಯದಲ್ಲಿ ಒಂದು ಮಾತು. ಮಳೆಬಿಲ್ಲಿನ ಕ್ರಮದಲ್ಲಿ ಜೋಡಿಸಿದರೆ ಪಕ್ಕದ ಬಣ್ಣಗಳು ಸೇರಿದರೂ ಚಂದವೇ. ಕೆಂಪಿನ ಪಕ್ಕ ಹಸಿರು, ಹಳದಿಯ ಪಕ್ಕ ನೇರಳೆ ಇಟ್ಟರೆ ಸೇರಿದಲ್ಲೆಲ್ಲ ಕೆಸರು. ಆದರೆ ಮಗು ತನ್ನ ಇಷ್ಟದಂತೆ ಜೋಡಿಸುತ್ತೇನೆ ಅಂದರೆ ಬಿಡಿ. ಅವಳ ಪಾಲಿನ ಕೆಲಸ ಅದೊಂದೇ, ಅದನ್ನೂ ಕಿತ್ತುಕೊಳ್ಳುವುದು ಬೇಡ.

8 ವರ್ಷದ ಮೇಲಿನ ಮಗುವಿಗೆ, ನೀವು ಪಕ್ಕದಲ್ಲೇ ನಿಂತು, ಡ್ರೈಯರ್ ಕೊಡಬಹುದು ಅಂತ ನನ್ನ ಲೆಕ್ಕ. ಕೆಳಗಿನಿಂದ ಮೇಲಕ್ಕೆ ಹಿಡಿಯಬಾರದು ಅಂತ ಮೊದಲೇ ಹೇಳಿ, ಹನಿ ಡ್ರೈಯರಿನ ಒಳಗೆ ಬೀಳುತ್ತದೆ. ಅದಕ್ಕಿಂತ ಸಣ್ಣವರಿದ್ದರೆ ಡ್ರೈಯರ್ ನಿಮ್ಮ ಕೈಯಲ್ಲೇ ಇರಲಿ, ಚಿತ್ರ ನಿಮ್ಮದೇ ಆಗುತ್ತದೆ ಅಂತಲೂ ಒಪ್ಪಿಕೊಳ್ಳಿ.

ಬಿಸಿಲು ಮತ್ತು ಹಳೇ ಕಾವಲಿ

ಇದು ನನಗೆ ತುಂಬ ಇಷ್ಟ. ಪುಕ್ಕಟೆ, ಕರೆಂಟು ಬೇಡ, ಮಗುವೇ ಮುಕ್ಕಾಲು ಕೆಲಸ ಮಾಡಬಹುದು. ಜನವರಿಯಿಂದ ಮೇವರೆಗೆ ನಮ್ಮ ಅಂಗಳದಲ್ಲಿ ಅಡಿಕೆ ಹೇಗೂ ಒಣಗುತ್ತಿರುತ್ತದೆ, ಪಕ್ಕದಲ್ಲಿ ಇದೂ ಇರಲಿ.

ಸ್ಟೀಲಿನ ತಟ್ಟೆ ಬೇಡ, ಬಿಸಿಲನ್ನು ವಾಪಸ್ ಹೊಡೆಯುತ್ತದೆ. ಅಟ್ಟದಲ್ಲಿ ಬಿದ್ದಿರುವ ಕಬ್ಬಿಣದ ದೋಸೆ ಕಾವಲಿ ತೆಗೆಯಿರಿ. ಕಪ್ಪು ಬಣ್ಣ ಬಿಸಿಲನ್ನು ಕುಡಿಯುತ್ತದೆ, ದಪ್ಪ ಕಬ್ಬಿಣ ಬಿಸಿಯನ್ನು ಹಿಡಿದಿಡುತ್ತದೆ. ಬೆಳಗ್ಗೆಯೇ ಖಾಲಿ ಕಾವಲಿಯನ್ನು ಅಂಗಳದ ನಡುವೆ ಇಡಿ. ಹನ್ನೆರಡರ ಹೊತ್ತಿಗೆ ಅದರ ಮೇಲೆ ದಪ್ಪ ಕಾಗದ ಇಟ್ಟು, ಕ್ರೆಯಾನಿನ ಚೂರುಗಳನ್ನು ಮಗು ತನಗೆ ಬೇಕಾದ ಹಾಗೆ ಜೋಡಿಸಲಿ. ಮೇಲೆ ಗಾಜಿನ ಮುಚ್ಚಳ. ಗಾಳಿ ತಾಗದಿದ್ದರೆ ಒಳಗೆ ಬಿಸಿ ಏರುತ್ತದೆ. ಒಂದು ಒಂದೂವರೆ ಗಂಟೆಯಲ್ಲಿ ಚೂರುಗಳು ಕುಸಿದು ಸಣ್ಣ ಸಣ್ಣ ಕೆರೆಗಳಾಗುತ್ತವೆ. ಅಡಿಕೆ ಒಣಗಿಸಲು ಪ್ಲಾಸ್ಟಿಕ್ ಹೊದಿಸಿದ ಗೂಡು ಇದ್ದವರಿಗೆ ಇನ್ನೂ ಸುಲಭ. ಅದರೊಳಗೆ ಇಟ್ಟರೆ ಮುಚ್ಚಳವೂ ಬೇಡ.

ಮಗಳಿಗೆ ಹಿಡಿಸಿದ್ದು ಕರಗಿದ ಮೇಲಿನ ಆಟ. ಕಾಗದದ ಅಂಚು ಹಿಡಿದು ಓರೆ ಮಾಡಿದರೆ ಬಣ್ಣ ಆಚೆ ಈಚೆ ಓಡುತ್ತದೆ. ಮೇಣ ಬಿಸಿ ಹೌದು, ಆದರೆ ಆಗಷ್ಟೇ ಕರಗಿದ ಮಟ್ಟದ ಬಿಸಿ, ಬೆಂಕಿಯ ಮೇಲೆ ಕಾಯಿಸಿದಷ್ಟು ಅಲ್ಲ. ಕಾವಲಿಗೆ ಮಾತ್ರ ಕೈ ತಾಗಿಸಲು ಬಿಡಬೇಡಿ, ಅದು ಚುರುಕು ಮುಟ್ಟಿಸುತ್ತದೆ. ಕಾಗದವನ್ನು ನೀವು ಎತ್ತಿಕೊಡಿ.

ತೊಂದರೆ ಉಂಟು. ಗೆರೆ, ಧಾರೆ ಬರುವುದಿಲ್ಲ, ಕೆರೆ ಮಾತ್ರ. ಕಾಯಬೇಕು, ಕಾಯುವುದು ಮಕ್ಕಳ ಗುಣ ಅಲ್ಲ. ಅರ್ಧ ಮೋಡ ಇದ್ದರೂ ಅರೆಬರೆ ಕರಗಿ ನಿಲ್ಲುತ್ತದೆ. ಕಳೆದ ಏಪ್ರಿಲಿನಲ್ಲಿ ಒಂದು ದಿನ, ಎರಡು ಗಂಟೆಗೆ ಪೂರ್ವದಲ್ಲಿ ಒಮ್ಮೆಲೇ ಕಪ್ಪಾಯಿತು. “ಮಳೆ ಬಂತು, ಅಡಿಕೆ!” ಅಂತ ಅತ್ತೆ ಕೂಗಿದರು. ಮನೆಯವರೆಲ್ಲ ಓಡಿ, ಅಡಿಕೆ ಒಟ್ಟು ಮಾಡಿ, ಟರ್ಪಾಲು ಎಳೆದು, ನಾಲ್ಕು ಮೂಲೆಗೆ ಕಲ್ಲು ಹೇರಿ ಜಗಲಿಗೆ ಬಂದು ನಿಂತೆವು. ಆಗ ಮಗಳು ಮೆಲ್ಲಗೆ “ನನ್ನ ಕಾವಲಿ?” ಅಂದಳು. ಅದು ಅಂಗಳದ ನಡುವೆ ನೆನೆಯುತ್ತಿತ್ತು, ಮುಚ್ಚಳ ಯಾರದೋ ಕಾಲಿಗೆ ಸಿಕ್ಕಿ ಪಕ್ಕಕ್ಕೆ ಬಿದ್ದಿತ್ತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ, ಹನಿ ಬಿದ್ದಲ್ಲೆಲ್ಲ ಮೇಣ ಗುಳಿ ಬಿದ್ದು ಗಟ್ಟಿಯಾಗಿತ್ತು, ಸಿಡುಬಿನ ಕಲೆಯ ಹಾಗೆ. ಕಾಗದ ಹಾಳಾಯಿತು, ಮೇಣ ಚಕ್ಕೆಯಾಗಿ ಬಿಟ್ಟು ಬಂತು. ಆ ಗುಳಿಗುಳಿ ಚಕ್ಕೆಯನ್ನು ಅವಳು ಇವತ್ತಿಗೂ ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ಗೋಡೆಯ ಬೋರ್ಡಿಗೆ ಆ ಮರ್ಯಾದೆ ಸಿಗಲಿಲ್ಲ.

ಇಸ್ತ್ರಿ ಪೆಟ್ಟಿಗೆ

ಬೇಗ ಮುಗಿಯಬೇಕು, ಕಾರ್ಡು ಬೇಕು ಅನ್ನುವವರಿಗೆ ಇದು. ಮಗು ಪೆನ್ಸಿಲ್ ಶಾರ್ಪನರಿನಲ್ಲಿ ಕ್ರೆಯಾನ್ ಹೆರೆಯುತ್ತದೆ. ಇದರಲ್ಲೇ ಅರ್ಧ ಗಂಟೆ ಹೋಗುತ್ತದೆ, ಅದು ಒಳ್ಳೆಯದೇ. ಹೆರೆದ ಚೂರನ್ನು ಬಟರ್ ಪೇಪರಿನ ಅರ್ಧಕ್ಕೆ ಉದುರಿಸಿ, ಇನ್ನರ್ಧ ಮಡಚಿ, ಮೇಲೆ ಹಳೇ ಬಟ್ಟೆ ಹಾಕಿ ಹತ್ತು ಸೆಕೆಂಡ್ ಒತ್ತುವುದು. ಒತ್ತುವುದು ನೀವು. ಕಡಿಮೆ ಬಿಸಿ ಸಾಕು, ರೇಷ್ಮೆಗೆ ಇಡುವಷ್ಟು. ಸ್ಟೀಮ್ ಇದ್ದರೆ ಬಂದ್ ಮಾಡಿ. ಉಜ್ಜಬೇಡಿ, ಒತ್ತಿ ಎತ್ತಿ. ಉಜ್ಜಿದರೆ ಎಲ್ಲ ಬಣ್ಣ ಸೇರಿ ಕಂದು ಆಗುತ್ತದೆ.

ಚೂರು ಕಡಿಮೆ ಹಾಕಿ, ಇಲ್ಲದಿದ್ದರೆ ಅಂಚಿನಿಂದ ಹೊರಗೆ ಬರುತ್ತದೆ. ನಮ್ಮಲ್ಲಿ ಬಂತು. ಇಸ್ತ್ರಿ ಪೆಟ್ಟಿಗೆಯ ಅಡಿಗೆ ಹತ್ತಿದ ನೀಲಿ, ಮರುದಿನ ನಮ್ಮವರ ಬಿಳಿ ಪಂಚೆಯ ಮೇಲೆ ಸರೀ ಕಾಣುವಲ್ಲಿ ಇಳಿಯಿತು, ಅದೂ ಮದುವೆಗೆ ಹೊರಟಾಗ. ಬಟ್ಟೆಗೆ ಹತ್ತಿದರೆ ಮೊದಲು ಐಸ್ ಇಟ್ಟು ಗಟ್ಟಿ ಮಾಡಿ ಕೆರೆದು ತೆಗೆಯಿರಿ. ಆಮೇಲೆ ಕಲೆಯ ಮೇಲೆ ಕೆಳಗೆ ಖಾಲಿ ಕಾಗದ ಇಟ್ಟು ಮೆಲ್ಲಗೆ ಇಸ್ತ್ರಿ ಹಾಕಿದರೆ ಮೇಣವನ್ನು ಕಾಗದ ಹೀರುತ್ತದೆ. ನ್ಯೂಸ್ ಪೇಪರ್ ಬೇಡ, ಶಾಯಿಯೂ ಸೇರುತ್ತದೆ. ಮೇಣ ಹೋದರೂ ಬಣ್ಣದ ನೆರಳು ಉಳಿಯಬಹುದು. ನಮ್ಮಲ್ಲಿ ಉಳಿದಿದೆ. ಆ ಪಂಚೆ ಈಗ ತೋಟಕ್ಕೆ.

ಈ ರೀತಿ ಮಾಡಿದ್ದನ್ನು ಎಲೆ, ಚಿಟ್ಟೆ ಆಕಾರದಲ್ಲಿ ಕತ್ತರಿಸಿ ಕಿಟಕಿಗೆ ಅಂಟಿಸಿದರೆ ಬೆಳಕು ದಾಟಿ ಬರುತ್ತದೆ. ಮಳೆಗಾಲದ ಮಬ್ಬು ದಿನಕ್ಕೆ ಒಳ್ಳೇ ಕೆಲಸ.

ಅಟ್ಟಿನಳಗೆ ಮತ್ತು ಅಚ್ಚು

ಚಿತ್ರ ಅಲ್ಲ ಇದು, ಮುರಿದ ಕ್ರೆಯಾನಿನಿಂದ ಹೊಸ ಕ್ರೆಯಾನ್. ಆದರೆ ಮಗುವಿನ ಪಾಲು ಎಲ್ಲಕ್ಕಿಂತ ಜಾಸ್ತಿ ಇರುವುದು ಇಲ್ಲಿಯೇ. ಕಾಗದ ಸುಲಿಯುವುದು, ಬಣ್ಣ ಬೇರೆ ಮಾಡುವುದು, ತುಂಡು ಮಾಡುವುದು, ಅಚ್ಚಿಗೆ ತುಂಬುವುದು, ಎಲ್ಲ ಅವರದ್ದೇ. ಕಾಗದ ಬಿಡದಿದ್ದರೆ ಹತ್ತು ನಿಮಿಷ ಉಗುರು ಬೆಚ್ಚಗಿನ ನೀರಿನಲ್ಲಿ ಹಾಕಿ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬರುತ್ತದೆ.

ವಿಡಿಯೋದಲ್ಲಿ ಎಲ್ಲರೂ ಓವನಿನಲ್ಲಿ ಮಾಡುತ್ತಾರೆ. ನಮ್ಮ ಕಡೆ ಎಷ್ಟು ಮನೆಯಲ್ಲಿ ಓವನ್ ಉಂಟು? ಇಡ್ಲಿ ಬೇಯಿಸುವ ಅಟ್ಟಿನಳಗೆ ಸಾಕು. ನನ್ನ ಮಟ್ಟಿಗೆ ಅದೇ ವಾಸಿ. ನೀರು ಕುದಿಯುವಾಗ 100 ಡಿಗ್ರಿ, ಅದಕ್ಕಿಂತ ಮೇಲೆ ಹೋಗುವುದಿಲ್ಲ. ಮೇಣಕ್ಕೆ ಅದು ಬೇಕಾದಷ್ಟಾಯಿತು, ಹೊಗೆ ಏಳುವಷ್ಟು ಅಲ್ಲ. ಒಲೆಯ ಮೇಲೆ ನೇರ ಪಾತ್ರೆ ಇಟ್ಟು ಮೇಣ ಕಾಯಿಸುವುದು ಮಾತ್ರ ಯಾವತ್ತೂ ಬೇಡ. ಜಾಸ್ತಿ ಕಾದರೆ ಹೊಗೆ, ಇನ್ನೂ ಕಾದರೆ ಬೆಂಕಿ. ಮೇಣಕ್ಕೆ ಹತ್ತಿದ ಬೆಂಕಿಗೆ ನೀರು ಹಾಕಿದರೆ ಸಿಡಿದು ಹರಡುತ್ತದೆ. ಒಲೆ ಆರಿಸಿ ಮುಚ್ಚಳ ಮುಚ್ಚುವುದೇ ದಾರಿ.

ಹಳೇ ಸ್ಟೀಲ್ ಲೋಟಗಳಲ್ಲಿ ಒಂದೊಂದು ಬಣ್ಣ ಹಾಕಿ, ಅಟ್ಟಿನಳಗೆಯಲ್ಲಿ ತಟ್ಟೆಯ ಮೇಲೆ ನಿಲ್ಲಿಸಿ. ಲೋಟದೊಳಗೆ ನೀರು ಬೀಳದ ಹಾಗೆ ಮುಚ್ಚಳದ ಕೆಳಗೆ ಬಟ್ಟೆ ಕಟ್ಟಿ. ಹತ್ತು ಹದಿನೈದು ನಿಮಿಷದಲ್ಲಿ ಸಾರಿನ ಹಾಗೆ ತೆಳ್ಳಗಾಗುತ್ತದೆ. ಹೊಯ್ಯುವ ಮೊದಲು ಹಿಡಿಸೂಡಿ ಕಡ್ಡಿಯಲ್ಲಿ ಚೆನ್ನಾಗಿ ಕಲಕಿ. ಅಗ್ಗದ ಕ್ರೆಯಾನಿನಲ್ಲಿ ಬಣ್ಣದ ಪುಡಿ ಅಡಿಗೆ ಕೂರುತ್ತದೆ, ಕಲಕದಿದ್ದರೆ ಮೇಲೆ ಬರೀ ಮೇಣ, ಬರೆದರೆ ಬಣ್ಣವೇ ಬರುವುದಿಲ್ಲ. ಹೊಯ್ಯುವ ಕೆಲಸ ದೊಡ್ಡವರದು. ಲೋಟ ಹಿಡಿಯಲು ಇಕ್ಕುಳ ಇರಲಿ. ನಾನು ಬಟ್ಟೆಯಲ್ಲಿ ಹಿಡಿಯಲು ಹೋಗಿ ಬೆರಳು ಸುಟ್ಟುಕೊಂಡದ್ದು ಇಲ್ಲಿಯೇ.

ಅಚ್ಚಿಗೆ ಸಿಲಿಕಾನಿನ ಚಾಕೊಲೇಟ್ ಟ್ರೇ ಒಳ್ಳೆಯದು, ತಿರುಗಿಸಿ ಒತ್ತಿದರೆ ಬೀಳುತ್ತದೆ. ಸಣ್ಣ ಗೆರಟೆಯಲ್ಲೂ ಹೊಯ್ದು ನೋಡಿದೆವು. ಎಣ್ಣೆ ಹಚ್ಚಿದರೂ ಬಿಟ್ಟು ಬರಲಿಲ್ಲ. ಹಾಗೇ ಬಿಟ್ಟೆವು, ಅಜ್ಜನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ. ಅರ್ಧ ಗಂಟೆ ತಣಿಸಿ, ಹತ್ತು ನಿಮಿಷ ಫ್ರಿಜ್ಜಿನಲ್ಲಿ ಇಟ್ಟರೆ ಅಚ್ಚಿನಿಂದ ಬೇಗ ಏಳುತ್ತದೆ. ಬಳಸಿದ ಲೋಟ, ಟ್ರೇ ಮತ್ತೆ ಅಡುಗೆಗೆ ಬೇಡ. ಉಳಿದ ಮೇಣವನ್ನು ಸಿಂಕಿಗೆ ಚೆಲ್ಲಬೇಡಿ, ಪೈಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಲೋಟದಲ್ಲೇ ಗಟ್ಟಿಯಾಗಲಿ, ಮುಂದಿನ ಸಲಕ್ಕೆ ಆಯಿತು.

ಕ್ಯಾಂಡಲ್, ಗನ್ನುಗಳು

ಕ್ಯಾಂಡಲ್ ಜ್ವಾಲೆಗೆ ಕ್ರೆಯಾನಿನ ತುದಿ ಹಿಡಿದು, ಹನಿ ಹನಿಯಾಗಿ ಕಾಗದದ ಮೇಲೆ ಬೀಳಿಸುವುದು ಇನ್ನೊಂದು ದಾರಿ. ಚುಕ್ಕಿ ಚುಕ್ಕಿಯ ಚಿತ್ರ ಬರುತ್ತದೆ, ರಂಗೋಲಿ ಬಿಡಿಸುವ ಕೈಗೆ ಬೇಗ ಹಿಡಿಸುತ್ತದೆ. ಎಲ್ಲಿ ಹನಿ ಬೀಳಬೇಕು ಅನ್ನುವುದು ಪೂರ್ತಿ ಮಗುವಿನ ಕೈಯಲ್ಲಿ. ಅದೇ ಇದರ ಗುಣ, ಅದೇ ಇದರ ಭಯ. 10 ವರ್ಷ ದಾಟಿದವರಿಗೆ, ಒಬ್ಬ ಮಗುವಿಗೆ ಒಬ್ಬ ದೊಡ್ಡವರು ಅನ್ನುವ ಲೆಕ್ಕದಲ್ಲಿ ಮಾತ್ರ. ಕೂದಲು ಕಟ್ಟಿ, ನೈಲಾನ್ ಬಟ್ಟೆ ಬೇಡ, ಕ್ಯಾಂಡಲನ್ನು ಮರಳು ತುಂಬಿದ ತಟ್ಟೆಯಲ್ಲಿ ನಿಲ್ಲಿಸಿ. ಜ್ವಾಲೆಯ ಒಳಗೆ ಹಿಡಿದರೆ ಮಸಿ ಸೇರಿ ಹಳದಿ ಕಪ್ಪಾಗುತ್ತದೆ, ಪಕ್ಕದಲ್ಲಿ ಹಿಡಿದರೆ ಸಾಕು.

ಡ್ರೈಯರಿಗಿಂತ ತುಂಬ ಜಾಸ್ತಿ ಬಿಸಿ ಗಾಳಿ ಬಿಡುವ ಹೀಟ್ ಗನ್ ಮಕ್ಕಳ ಹತ್ತಿರ ತರುವ ಸಾಮಾನಲ್ಲ. ಗ್ಲೂ ಗನ್ನಿಗೆ ಅಂಟಿನ ಕಡ್ಡಿಯ ಬದಲು ಕ್ರೆಯಾನ್ ತುರುಕುವುದು ನೋಡಲು ಮಜಾ. ಆಮೇಲೆ ಆ ಗನ್ ಅಂಟಿಗೆ ಬರುವುದಿಲ್ಲ. ನಮ್ಮದು ಬರಲಿಲ್ಲ.

ಯಾವುದರ ಮೇಲೆ ಮಾಡುವುದು

“ಇದು ಎಷ್ಟು ದಿನ ಉಳಿಯುತ್ತದೆ?” ಅಂತ ಅತ್ತೆ ಕೇಳಿದರು. ಮೇಣ ಉಳಿಯುತ್ತದೆ. ಈಜಿಪ್ಟಿನ ಫಯ್ಯೂಮ್ ಎಂಬಲ್ಲಿ ಸತ್ತವರ ಮುಖವನ್ನು ಮರದ ಹಲಗೆಯ ಮೇಲೆ ಬಣ್ಣ ಬೆರೆಸಿದ ಜೇನುಮೇಣದಲ್ಲಿ ಬರೆದಿದ್ದರು, ಸುಮಾರು 1800, 1900 ವರ್ಷದ ಹಿಂದೆ. ಅವು ಇಂದಿಗೂ ಇವೆ. ಆದರೆ ಅದು ಮಳೆ ಇಲ್ಲದ ಮರಳುಗಾಡು. ಇಲ್ಲಿ ಮೇಣ ಕೆಡುವ ಮೊದಲು ಅದರ ಹಿಂದಿನ ಕಾಗದಕ್ಕೆ ಬೂಷ್ಟು ಬರುತ್ತದೆ.

ಕ್ಯಾನ್ವಾಸ್ ಬೋರ್ಡು ನಮ್ಮಲ್ಲಿ ಒಂದು ಮಳೆಗಾಲ ಸರಿಯಾಗಿ ದಾಟಿದೆ. ದಪ್ಪ ರಟ್ಟು ಬಾಗುತ್ತದೆ. ಪ್ಲೈವುಡ್ ತುಂಡು ಸಿಕ್ಕಿದರೆ ಎಲ್ಲಕ್ಕಿಂತ ಗಟ್ಟಿ, ಬಡಗಿಯವರ ಹತ್ತಿರ ಕೇಳಿದರೆ ಸುಮ್ನೆ ಕೊಡುತ್ತಾರೆ. ಊಟಕ್ಕೆ ತಂದು ಉಳಿದ ಅಡಿಕೆ ಹಾಳೆಯ ತಟ್ಟೆ ಮಕ್ಕಳಿಗೆ ತುಂಬ ಒಳ್ಳೆಯದು. ಅಂಚು ಇರುವುದರಿಂದ ಮೇಣ ಹೊರಗೆ ಚೆಲ್ಲುವುದಿಲ್ಲ, ನಾರಿನ ಮೈಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಒಂದು ಹಾಳಾದರೆ ಇನ್ನೊಂದು. ಆದರೆ ಜೂನ್ ಬಂದರೆ ಮೊದಲು ಬೂಷ್ಟು ಹಿಡಿಯುವುದೂ ಅದಕ್ಕೇ. ಯಾವುದೇ ಆಗಲಿ, ಪಡುವಣ ಬಿಸಿಲು ಬೀಳುವ ಗೋಡೆಗೆ, ಶೀಟು ಹಾಕಿದ ಕೋಣೆಗೆ ಬೇಡ. ಏಪ್ರಿಲಿನಲ್ಲಿ ಚಿತ್ರ ಮತ್ತೆ ಇಳಿಯಲು ಶುರು ಮಾಡುತ್ತದೆ.

ಮೂವರಿಗೆ ನಾನು ಹೇಳಿದ್ದು

ಉಪ್ಪಳದ ನಾದಿನಿಗೆ ಡ್ರೈಯರ್ ಬೇಡವೇ ಬೇಡ ಅಂದೆ. ಮೂರೂವರೆ ವರ್ಷದ ಹುಡುಗನಿಗೆ ಕಾಗದ ಸುಲಿಯುವುದು, ಮುರಿಯುವುದೇ ಹಬ್ಬ. ಅವನು ಮಲಗಿದ ಮೇಲೆ ಅವಳು ಕರಗಿಸಿ ಅಚ್ಚಿಗೆ ಹೊಯ್ಯಲಿ, ಎದ್ದು ಬಂದು ಅಚ್ಚಿನಿಂದ ತೆಗೆಯುವುದು ಅವನ ಕೆಲಸ. ಫ್ಲಾಟಿನ ಗೋಡೆಯೂ ಉಳಿಯುತ್ತದೆ. ತುಂಡುಗಳನ್ನು ಬಾಯಿಗೆ ಹಾಕದಂತೆ ನೋಡಬೇಕು, ಅದೊಂದು.

ಭಾವನ ಅವಳಿಗಳಿಗೆ ಬಿಸಿಲು, ಎರಡು ಕಾವಲಿ. ಒಂದೇ ಕಾವಲಿ ಅಂದರೆ ಯುದ್ಧ. ಭಾವನಿಗೆ ಇದು ಅಷ್ಟು ಸರಿ ಕಾಣಲಿಲ್ಲ, “ಡ್ರೈಯರ್ ಈಗಾಗಲೇ ತಂದಾಗಿದೆ” ಅಂದರು. ಹಾಗಾದರೆ ಮೇ ತಿಂಗಳು ಕಳೆಯಲಿ, ಮಳೆ ಹಿಡಿದ ಮೇಲೆ ಅದಕ್ಕೆ ಕೆಲಸ ಇರುತ್ತದೆ. ಕರೆಂಟು ಇದ್ದರೆ.

ಮುಳ್ಳೇರಿಯದ ಹುಡುಗಿ ಚಂದ ಬರೆಯುತ್ತಾಳೆ, ಗೋಡೆಗೆ ದೊಡ್ಡದು ಬೇಕು ಅಂತ ಆಸೆ. ಅವಳಿಗೆ ಡ್ರೈಯರ್ ಕೊಡಬಹುದು. ಕ್ಯಾಂಡಲ್ ಕೇಳಿದರೆ ಅಮ್ಮ ಎದುರು ಕೂತುಕೊಳ್ಳಲಿ. ಬೋರ್ಡಿನ ಕೆಳಗಿನ ಅರ್ಧದಲ್ಲಿ ಮೊದಲೇ ಕೊಡೆ ಹಿಡಿದವರ ಚಿತ್ರ ಬರೆದು, ಕೊಡೆಯ ಆಕಾರಕ್ಕೆ ಟೇಪು ಅಂಟಿಸಿ ಕರಗಿಸಿದರೆ, ಟೇಪು ತೆಗೆದಾಗ ಮಳೆಯ ಕೆಳಗೆ ಕೊಡೆ ಒಣಗಿ ನಿಂತಿರುತ್ತದೆ. ಟೇಪನ್ನು ಮೇಣ ಪೂರ್ತಿ ಗಟ್ಟಿಯಾಗುವ ಮೊದಲೇ ಎಳೆಯಬೇಕು, ಇಲ್ಲದಿದ್ದರೆ ಅಂಚು ಮುರಿಯುತ್ತದೆ.

ಮೂವರಿಗೂ ಒಟ್ಟಿಗೆ ಹೇಳಿದ್ದು ಒಂದೇ. ಮೈಗೆ ಬಿಸಿ ಮೇಣ ಬಿದ್ದರೆ ಕೀಳಲು ಹೋಗಬೇಡಿ, ಚರ್ಮವೂ ಬರುತ್ತದೆ. ನಳ್ಳಿಯ ಹರಿಯುವ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ, ಬೆಣ್ಣೆ ಯಾವುದೂ ಬೇಡ. ಬೊಬ್ಬೆ ದೊಡ್ಡದಾದರೆ ಅಥವಾ ಮುಖಕ್ಕೆ ತಾಗಿದ್ದರೆ ಡಾಕ್ಟರ ಹತ್ತಿರ ಹೋಗಿ. 20 ನಿಮಿಷ ತುಂಬ ಉದ್ದ ಅನಿಸುತ್ತದೆ. ನನ್ನ ಬೆರಳನ್ನು ಮಗಳು ಗಡಿಯಾರ ನೋಡುತ್ತಾ ನೀರಿನಡಿಗೆ ಹಿಡಿದಿದ್ದಳು, ನಾನು ತೆಗೆದರೆ ಬೈದು ಮತ್ತೆ ಇಟ್ಟಳು.